ಕೋಡಿ ನೀರಿನ ದಾರಿ

ಗುಬ್ಬಿ ಬಸ್ಸಿಗೆ ಕಾಯುತ್ತ ತುಮಕೂರಿನ ನಿಲ್ದಾಣದಲ್ಲಿ ಕೂತಿದ್ದ ಸರ್ವಮಂಗಳಮ್ಮನ ಕಿವಿಗೆ ಪಕ್ಕದ ಅಪ್ಪ ಮಗಳ ಮಾತು ತಾನಾಗಿಯೇ ಬಿತ್ತು. ಮಗಳ ತೊಡೆಯ ಮೇಲೆ ಕೆರೆಯ ಹೊಸ ನಕ್ಷೆ ಇತ್ತು.

"ಹಳೇ ಪ್ಲಾನಲ್ಲಿ ಮನೆ ಕಟ್ಬೋದು ಅಂತಿತ್ತು. ಈಗ ನಮ್ಮನೆ ಮೇಲೇನೇ ಪಾರ್ಕ್ ಅಂತ ಬರ್ದವ್ರೆ. ಕೋಡಿ ನೀರು ಅಲ್ಲೇ ಹರೀತಿತ್ತು ಅಂತ ಸರ್ವೇಯವ್ರಿಗೆ ತೋರಿಸ್ದೋನು ನೀನಂತೆ?"

"ಕೇಳುದ್ರು, ತೋರಿಸ್ದೆ ಕಣವ್ವಾ. ನಲವತ್ತು ವರ್ಷ ಆ ಕೆರೆ ತೂಬು ಎತ್ತಿದೋನು. ನೀರಿನ ದಾರೀಲೇ ನಡ್ಕೊಂಡು ಹೋದೆ, ನಿನ್ನ ಬಾಗ್ಲಿಗೇ ಬಂದು ನಿಂತೆ."

"ಅಲ್ಲಿ ನೀರು ಹರೀತಿರ್ಲಿಲ್ಲ ಅಂತ ಬರ್ಸಿದೀನಿ, ಈ ಕಾಗದಕ್ಕೆ ಸೈನ್ ಹಾಕು. ಆಕ್ಷೇಪಣೆ ಕೊಡಕ್ಕೆ ಇವತ್ತೇ ಕೊನೆ."

"ಹಾಕ್ತೀನಿ, ಕೊಡು. ಮಳೆ ಬಂದಾಗ ನೀರಿಗೆ ಯಾರು ಹೇಳೋರು?"

"ಅಷ್ಟು ಗೊತ್ತಿದ್ದೋನು ಗೃಹಪ್ರವೇಶದಲ್ಲಿ ಎರಡೆರಡು ಸಲ ಪಾಯಸ ಹಾಕಿಸ್ಕೊಂಡು ಉಂಡ್ಯಲ್ಲಪ್ಪಾ! ಆವತ್ತೇ ಯಾಕೆ ಬಾಯಿ ಬಿಡ್ಲಿಲ್ಲ?"

"ಮದ್ವೆ ಆದ್ಮೇಲೆ ನೀನು ನಕ್ಕಿದ್ದು ನಾನು ನೋಡಿದ್ದು ಆವತ್ತೇ."

ಮಗಳು ಪೆನ್ನು ಕೊಟ್ಟಳು. ಮುದುಕ ಕಾಗದವನ್ನು ಮಂಡಿಯ ಮೇಲಿಟ್ಟುಕೊಂಡು ನಿಧಾನವಾಗಿ ಸಹಿ ಮಾಡಿದ. ಅಷ್ಟರಲ್ಲಿ ಆಕ್ಷೇಪಣೆ ಕೊಡಬೇಕಾದ ಆಫೀಸಿನ ಕಡೆಯ ಸಿಟಿ ಬಸ್ಸು ಬಂತು. ಮಗಳು ಮೊದಲು ಹತ್ತಿದಳು. ಅವನು ಕಂಬಿ ಹಿಡಿದು, ಕಟಕಟೆ ಹತ್ತುವವನ ಹಾಗೆ, ಅವಳ ಹಿಂದೆ ಹತ್ತಿದ.