ಅರ್ಧ ಬೊಗಳಿದ ನಾಯಿ

ಅಯ್ಯೋ, ಮತ್ತೆ ಬಾಗಿಲು ತೆಗೆದ್ಯಾ! ಈಗಷ್ಟೇ ಹೇಳಿದ್ದೆ ತಾನೇ, ರೆಕಾರ್ಡಿಂಗ್ ನಡೀತಿದೆ ಅಂತ? ನನ್ನ ಕಥೆಯ ಮೊಲ ಪಾಪ ಆಗಷ್ಟೇ ಬಿಲದಿಂದ ತಲೆ ಹೊರಗೆ ಹಾಕಿತ್ತು. ನಿನ್ನ 'ಅತ್ತಿಗೇ...' ಕೇಳಿ ಅಲ್ಲೇ ಎದೆ ಒಡ್ಕೊಂಡು ಸತ್ತಿತು. ಯಾಕೆ ನಗ್ತೀಯ? ಮಕ್ಕಳ ಕಥೆ ಓದಿ ಹೊಟ್ಟೆ ಹೊರೆಯೋಳ ಕಷ್ಟ ನಿನಗೇನು ಗೊತ್ತು! ಹೋಗ್ಲಿ, ಬಾ. ಆ ಕುರ್ಚಿ ಬೇಡ, ಕಿರುಗುಟ್ಟುತ್ತೆ. ಮಂಚದ ಮೇಲೆ ಕೂರು. ಚೀಲ ಇಳಿಸೇ, ಬಸ್ಸಿಳಿದಾಗಿನಿಂದ ತಬ್ಕೊಂಡೇ ಇದ್ದೀಯ, ಯಾರೂ ಕದಿಯಲ್ಲ.

ನಿಮ್ಮಮ್ಮ ಪಾಪುನ ಎತ್ಕೊಂಡು ಪಾರ್ಕಿಗೆ ಹೋಗಿದಾರೆ, ಇನ್ನೇನು ಬಂದ್ಬಿಡ್ತಾರೆ. ಹೂಂ ಕಣೇ, ನೀನು ಬರೋದು ಗೊತ್ತು ಅವರಿಗೆ! ಅವರೇ ತಾನೇ ಕರೆದಿದ್ದು... ಎರಡು ವರ್ಷ ಮಾತು ಬಿಟ್ಟವರು! ಅದೂ ಯಾವ ಘನಂದಾರಿ ಕಾರಣಕ್ಕೆ? ನೆಂಟರೆದುರು ಅವರ ಹಲ್ಲಿನ ಸೆಟ್ಟು ಟೀ ಲೋಟಕ್ಕೆ ಬಿತ್ತು, ನೀನು ನಕ್ಕೆ. ನಾನೂ ನಕ್ಕೆ ಕಣೇ! ಆದ್ರೆ ನಾನು ಅಡುಗೆಮನೆಗೆ ಓಡಿಹೋಗಿ ನಕ್ಕೆ.

ಇಲ್ಲಿ ನೋಡು ನನ್ನ ಕೈಚಳಕ. ಈ ಅಲೆ ಅಲೆ ಇದೆಯಲ್ಲ, ನನ್ನ ಧ್ವನಿ. ಇದು ನೀನು ಕೂಗಿದ್ದು, ಗುಡ್ಡದ ಥರ ಎದ್ದಿದೆ. ಕತ್ತರಿಸಿ ಬಿಸಾಕಿದೆ. ಉಳಿದೆರಡು ತುಂಡು ಹತ್ತಿರಕ್ಕೆ ಎಳೆದೆ, 'ಮರ್ಜ್' ಒತ್ತಿದೆ... ಒಂದೇ ಆಯ್ತು! ಹೊಲಿಗೆ ಕಾಣುತ್ತಾ? ನಿಮ್ಮಣ್ಣನ ಗೊರಕೇನೂ ಹೀಗೆ ಕತ್ತರಿಸೋ ಹಾಗಿದ್ದಿದ್ರೆ!

ಹಿಂದಿನ ಸದ್ದಿಗೆ ಮಾತ್ರ ಹುಷಾರಾಗಿರ್ಬೇಕು. ಪಕ್ಕದ್ಮನೆ ನಾಯಿ 'ಬೌ' ಅನ್ನೋವಾಗ 'ಬ'ದಲ್ಲೇ ಕತ್ತರಿಸಿ ಜೋಡಿಸಿದ್ಯೋ, ಕೆಟ್ಟೆ. ಯಾವ ನಾಯಿ ಅರ್ಧ ಬೊಗಳುತ್ತೆ ಹೇಳು?

ಫೋನ್ ಯಾಕೆ ತೆಗೆದೆ? ಅಮ್ಮನ ವಾಯ್ಸ್ ಮೆಸೇಜಾ? ಎಷ್ಟು ಸಲ ಕೇಳ್ತೀಯೇ... ಬೇಡ ಅಂದ್ನಲ್ಲ! 'ತಪ್ಪು ನಂದೇ... ಕೋಪ ಬಿಟ್ಟು... ಮನೆಗೆ ಬಾ.' ಎಷ್ಟು ಚೆನ್ನಾಗಿ ಹೇಳಿದಾರೆ, ಅಲ್ವಾ? ಮತ್ತೆ ಯಾಕೆ ಹಾಕ್ತಿದ್ದೀಯ? ಸಾಕು...

ನನ್ನನ್ನೇ ಯಾಕೆ ಹಾಗೆ ನೋಡ್ತೀಯ? ಹಿಂದೆ ಕೇಳಿದ ಆ 'ಬ'ನಾ? ನಾಯಿಗೆ ಬಿಕ್ಕಳಿಕೆ ಬಂದಿತ್ತೇನೋ... ನಗೇ! ಇಲ್ಲಾ ಬೈ!

ಸರಿ. ಹೌದು. ನಾನೇ ಜೋಡಿಸಿದ್ದು, ಅವರ ಫೋನಿಂದ ಕಳಿಸಿದ್ದೂ ನಾನೇ. ನಾನು ರೆಕಾರ್ಡಿಂಗಿಗೆ ಕೂತಾಗೆಲ್ಲ ಬಾಗಿಲಾಚೆ ಅವರು ಯಾರಿಗಾದ್ರೂ ಬೈತಿರ್ತಾರೆ. ಕತ್ತರಿಸಿದ್ದನ್ನೆಲ್ಲ ಎತ್ತಿಟ್ಟಿದ್ದೆ. 'ತಪ್ಪು' ಅಂದಿದ್ದು ಪಕ್ಕದ್ಮನೆಯವಳಿಗೆ. 'ನಂದೇ' ಅಂದಿದ್ದು ಟಿವಿ ರಿಮೋಟಿಗೆ. 'ಕೋಪ ಬಿಟ್ಟು' ನಿಮ್ಮಣ್ಣನಿಗೆ. 'ಮನೆಗೆ ಬಾ' ಅಂದಿದ್ದು... ಬೆಕ್ಕಿಗೆ. ನೀನು ಬಂದಿರೋದೂ ಅವರಿಗೆ ಗೊತ್ತಿಲ್ಲ. ಚೀಲ ಯಾಕೆ ಎತ್ಕೊಂಡೆ? ಕೂತ್ಕೊಳ್ಳೇ ತಾಯಿ! ನೀನು ಹೋದ್ಮೇಲೆ ಈ ಮನೇಲಿ ನನ್ನ ಜೊತೆ ನಗೋರೇ ಇಲ್ಲ ಕಣೇ. ಒಂದು ಸಲ ನಿನ್ನ ಮುಖ ನೋಡಿದ್ರೆ ಅವರೂ ಕರಗ್ತಾರೆ ಅಂದ್ಕೊಂಡೆ... ಶ್! ಗೇಟು. ಬಂದ್ರು.

ಏನು? ಜೋರಾಗಿ ಹೇಳೇ, ಕೇಳಿಸ್ಲಿಲ್ಲ... ಇಷ್ಟೆಲ್ಲ ಮಾತು ಆಯ್ದೋಳು ನಿನ್ನ ಹೆಸರೊಂದನ್ನ ಯಾಕೆ ಸೇರಿಸ್ಲಿಲ್ಲ ಅಂತಲಾ? ಎರಡು ವರ್ಷದ ತುಂಡುಗಳಲ್ಲಿ, ಬೈಯೋಕಾದ್ರೂ, ಅಮ್ಮ ಅದನ್ನ ಒಂದು ಸಲವೂ ಹೇಳ್ಲಿಲ್ವಾ ಅಂತಲಾ?