ಎಳ್ಳ ಅಮಾಸಿಯ ಉಣ್ಣಿ

…ಬ್ಯಾಡ ಬೇ ಭಾಗ್ಯಾ, ಉಗುರಿಲೆ ಒಡೀಬ್ಯಾಡ ಅದನ್ನ. ಎಷ್ಟ ಸಲ ಹೇಳಬೇಕು ನಿನಗ. ಕರದ ಕಿವ್ಯಾಗಿಂದ ಕಿತ್ತಿದಿ, ಆತು, ಆ ಸಾಬಾನ ನೀರಿನ ಡಬ್ಬ್ಯಾಗ ಒಗಿ. ಕೈ ತೊಳಕೊಂಡು ಬಂದು ಇಲ್ಲಿ ಕಟ್ಟಿ ಮ್ಯಾಲ ಕೂಡು. ನಗತಿಯೇನು. ನಮ್ಮ ಆಯಿಗಿ ಉಣ್ಣಿ ಕಂಡ್ರ ಹೆದರಿಕಿ ಅಂತ ಗೆಳತ್ಯಾರ ಮುಂದ ಹೇಳ್ಕೋತ ತಿರಗತಿಯಂತಲ್ಲ. ಹೌದು, ಹೆದರಿಕಿ ಅದ. ಯಾಕದ ಅಂತ ನಿಮ್ಮವ್ವ ಹೇಳಿಲ್ಲ ನಿನಗ. ಆಕಿ ಹೇಳಂಗೂ ಇಲ್ಲ, ಆಕಿ ಗುಣಾನೇ ಹಂಗ. ನಾನೇ ಹೇಳ್ತೇನಿ ಕೇಳು, ತಪ್ಪು ನಂದದ.

ಮದಲ ಹಿಂಗಿರಲಿಲ್ಲ ನೋಡು. ನಾ ಲಗ್ನ ಆಗಿ ಈ ನರೋಣಾಕ್ಕ ಬಂದಾಗ ದನದ ಮೈಯಾಗ ಉಣ್ಣಿ ಇರ್ತಿರಲಿಲ್ಲ ಅಂತಲ್ಲ. ಇರ್ತಿದ್ವು. ಮಳಿಗಾಲದಾಗ ಎತ್ತಿನ ಕಿವ್ಯಾಗ, ಬಾಲದ ಬುಡಕ್ಕ ಔಡಲ ಬೀಜದಂಗ ಜೋತಾಡ್ತಿದ್ವು. ಆದ್ರ ದೀಪಾವಳಿ ಆತು, ಥಂಡಿ ಬಿತ್ತು, ಖಲಾಸ್. ಎಳ್ಳ ಅಮಾಸಿಗಿ ಹೊಲಕ್ಕ ಹೋಗಾಗ ಹಲ್ಲು ಕಟಕಟ ಅಂತಿದ್ವು, ಕಂಬಳಿ ಹೊಚಗೊಂಡು ಬಂಡ್ಯಾಗ ಕೂಡ್ತಿದ್ವಿ. ಸಜ್ಜಿ ರೊಟ್ಟಿ, ಕಾಯಿಪಲ್ಲೆ ಕಾಳು ಕೂಡಿಸಿ ಕುದಿಸಿದ ಭಜ್ಜಿ, ಹೊಲದ ನಡು ಕುಂತು ಉಂಡ್ರ ಏನ ರುಚಿ ಅಂತಿ, ಈಗಿನ ಭಜ್ಜಿಗಿ ಆ ರುಚಿ ಇಲ್ಲ ಬಿಡು, ನಿಮ್ಮವ್ವನ ಮುಂದ ಹೇಳಬ್ಯಾಡ ಮತ್ತ. ಏನ ಹೇಳಾಕತ್ತಿದ್ದೆ, ಹಾಂ, ಥಂಡಿ. ಆ ಥಂಡ್ಯಾಗ ದನದ ಮೈ ಎಲ್ಲಾ ಹುಡುಕಿದ್ರೂ ಒಂದು ಉಣ್ಣಿ ಸಿಗ್ತಿರಲಿಲ್ಲ. ಅಪ್ಪಿತಪ್ಪಿ ಒಂದೆರಡು ಸಿಕ್ರ, ಸಂಜಿಗಿ ಎಲ್ಲರ ಮನಿ ಮುಂದ ಮೈ ಕಾಸಲಿಕ್ಕ ಕುಳ್ಳಿನ ಬೆಂಕಿ ಇರ್ತಿತ್ತಲ್ಲ, ಕಿತ್ತು ಅದರಾಗ ಒಗದ್ರ ಚಟ್ ಅಂತಿತ್ತು, ಮುಗೀತು. ನಮ್ಮತ್ತಿ ನನಗ ಕಲಿಸಿದ್ದು ಹಂಗ. ಈಗ ಎಲ್ಲಿ ಥಂಡಿ, ಎಲ್ಲಿ ಬೆಂಕಿ. ಎಳ್ಳ ಅಮಾಸಿಗೂ ಫ್ಯಾನ್ ಹಚಗೊಂಡು ಮಲಗತೀವಿ. ಉಣ್ಣಿ ಹನ್ನೆರಡು ತಿಂಗಳೂ ಇರ್ತಾವ. ಬೆಂಕಿ ಇಲ್ಲ ಅಂದ ಮ್ಯಾಲ ನಾ ಏನ ಮಾಡಿದೆ, ಹೆಬ್ಬೆಟ್ಟಿನ ಉಗುರಿನ ಮ್ಯಾಲ ಇಟ್ಟು ಇನ್ನೊಂದು ಉಗುರಿಲೆ ಒತ್ತೋದು ಹಿಡದೆ. ನಿಮ್ಮವ್ವಗೂ ಅದನ್ನೇ ಕಲಿಸಿದೆ.

ಪಾಪ, ಆಕಿಗಿ ಅದು ಸೇರ್ತಿರಲಿಲ್ಲ. "ಅತ್ತಿ, ರಕ್ತ ಸಿಡೀತದ್ರಿ, ಹೇಸಿಗಿ ಬರ್ತದ" ಅಂತಿದ್ಲು. ನಾ ಸುಮ್ಮನಿರಬೇಕಿತ್ತು, ಇರಲಿಲ್ಲ, "ದನದ ಹಾಲು ಬೇಕು, ದನದ ಉಣ್ಣಿ ಬ್ಯಾಡೇನು ಜಗದೇವಿ" ಅಂತ ಚುಚ್ಚತಿದ್ದೆ. ಆಕಿ ಸುಮ್ಮನ ಮಾಡ್ತಿದ್ಲು. ಆ ವರ್ಷ ನಿಮ್ಮಪ್ಪ ಹೊಸಾದಾಗಿ ಜರ್ಸಿ ಆಕಳ ತಂದಿದ್ದ, ನೀ ಆವಾಗ ಇನ್ನಾ ಅಂಗನವಾಡಿಗಿ ಹೋಗ್ತಿದ್ದಿ. ತೊಗರಿ ಕೊಯ್ಯೋ ಹೊತ್ತಿಗಿ ಮಳಿ ಹಿಡೀತು. ಥಂಡಿ ಬೀಳೋ ದಿನದಾಗ ಮಳಿ ಅಂದ್ರ ಏನನ್ನಬೇಕು. ಮಳಿ ನಿಂತ ಮ್ಯಾಲ ಉರಿ ಸೆಕಿ. ಆಕಳ ಮೈ ತುಂಬ ಉಣ್ಣಿ. ಜಗದೇವಿ ದಿನಾ ಹೊಲದಾಗ ತೊಗರಿ ಕೊಯ್ದು ಬೆರಳೆಲ್ಲ ಸೀಳಿಸಿಕೊಂಡು ಬರೋದು, ಅದೇ ಬೆರಳಿಲೆ ಸಂಜಿಗಿ ಉಣ್ಣಿ ಒಡ್ಯೋದು. ನಾ ಕಟ್ಟಿ ಮ್ಯಾಲ ಕುಂತು, "ಅಲ್ಲೊಂದದ ನೋಡು, ಕೆಚ್ಚಲ ಹಿಂದ" ಅಂತ ತೋರಸ್ತಿದ್ದೆ.

ಎಳ್ಳ ಅಮಾಸಿ ಮರುದಿನ ಆಕಿ ಮಲಗಿದ್ಲು. ಮೈ ಅಂದ್ರ ಹಂಚು ಕಾದಂಗ. ತಲಿ ಸೀಳತದ ಅಂತ ಅಳತಿದ್ಲು. ಮೂರನೇ ದಿನಕ್ಕ ಮೈ ಮ್ಯಾಲ ಕೆಂಪನ ಚುಕ್ಕಿ ಎದ್ವು. ನಾ ನೋಡಿದವಳೇ ಅಂದೆ, ತಾಯವ್ವ ಬಂದಾಳ. ನೀವು ಸಾಲ್ಯಾಗ ದಡಾರ ಅಂತೀರಲ್ಲ, ನಮಗ ಅದು ತಾಯವ್ವ. ಬಾಗಲಿಗಿ ಬೇವಿನ ತಪ್ಪಲ ಕಟ್ಟಿದೆ, ಮನ್ಯಾಗ ಒಗ್ಗರಣಿ ಬಂದ್ ಮಾಡಿದೆ, ಆಕಿಗಿ ಮಸರು ಅನ್ನ ಅಷ್ಟೇ. ನಿಮ್ಮಪ್ಪ ಶಿವಪುತ್ರ ಬಂದು, "ಅವ್ವ, ಆಳಂದ ದವಾಖಾನಿಗಿ ತೋರಿಸ್ಕೊಂಡು ಬರ್ತೇನಿ" ಅಂದ. ನನಗ ಸಿಟ್ಟು ಬಂತು. "ತಾಯವ್ವ ಮೈಮ್ಯಾಲ ಇರಾಗ ಸೂಜಿ ಚುಚ್ಚಸ್ತಿಯೇನು ಲೇ, ಮನಿ ಉಳೀತದೇನು" ಅಂದೆ. ಅವಾ ತಿರಗಿ ಹೊಲಕ್ಕ ಹೋದ. ಹಿರ್ಯಾರ ಮಾತು ಮೀರಬಾರದು ಅಂತ ನಾನೇ ಬೆಳಿಸಿದ್ದೆ ಅವನಿಗಿ, ಅದೇ ಮುಳುವಾತು. ನೀ ಬಾಗಲದಾಗ ನಿಂತು "ಅವ್ವಾ" ಅಂತ ಕರದ್ರ ಆಕಿ ಕಣ್ಣು ಸುದ್ದಾ ತೆರೀತಿರಲಿಲ್ಲ.

ಐದನೇ ದಿನ ಮುಂಜಾನಿ ಆಕಳ ಮೇವು ಬಿಡ್ತು. ಉಚ್ಚಿ ಕೆಂಪಗ ಹೊಯ್ಯಾಕತ್ತು. ನಾ ಒಂದು ಗಳಿಗಿ ಕಾಯಲಿಲ್ಲ ನೋಡು. "ಶಿವಪುತ್ರ, ದನದ ಡಾಕ್ಟರಗ ಫೋನ್ ಹಚ್ಚು, ಜಲ್ದಿ ಬರ್ರಿ ಅನ್ನು" ಅಂದೆ. ಬಂದ್ರು. ಸಣ್ಣ ವಯಸ್ಸಿನ ಮೇಡಂ, ಗಾಡಿ ಮ್ಯಾಲ ಬಂದ್ರು. ಆಕಳ ಕಣ್ಣ ರೆಪ್ಪಿ ಎತ್ತಿ ನೋಡಿದ್ರು, "ಆಯಿ, ಇದು ಉಣ್ಣಿ ಜ್ವರ" ಅಂತ ಸೂಜಿ ಮಾಡಿದ್ರು. ಅಷ್ಟರಾಗ ಒಳಗ ನಿಮ್ಮವ್ವ ನರಳಿದ್ಲು.

"ಒಳಗ ಯಾರಿದ್ದಾರ್ರಿ?"

"ನನ್ನ ಸೊಸಿರಿ ಮೇಡಂ. ತಾಯವ್ವ ಬಂದಾಳ್ರಿ, ಐದು ದಿನಾತು."

ಮೇಡಂ ಚಪ್ಪಲ ಬಿಟ್ಟು ಸೀದಾ ಒಳಗ ಹೋದ್ರು. ನಾ ಬ್ಯಾಡ್ರಿ ಬ್ಯಾಡ್ರಿ ಅಂತ ಹಿಂದ. ಜಗದೇವಿ ಕೈ ಹಿಡದು ಅಂಗೈ ನೋಡಿದ್ರು, ಕಾಲ ಹಿಡದು ಅಂಗಾಲ ನೋಡಿದ್ರು. ಅಲ್ಲೂ ಕೆಂಪನ ಚುಕ್ಕಿ, ದಡಾರಾದ್ರ ಅಲ್ಲಿ ಏಳೋದು ಕಡಿಮಿ ಅಂತ. "ಆಯಿ, ಆಕಳ ಉಣ್ಣಿ ಯಾರು ಕೀಳ್ತಾರ್ರಿ?" ಅಂದ್ರು.

"ಈಕಿನೇರಿ. ನಾನೇ ಕಲಿಸೇನಿ." ಹೆಮ್ಮಿಲೆ ಹೇಳಿದೆ ನೋಡು, ನನ್ನ ಬಾಯಿಗಿ ಬೆಂಕಿ ಬೀಳ್ಲಿ.

"ಕಿತ್ತು ಹೆಂಗ ಕೊಲ್ತೀರಿ?"

"ಉಗುರಿಲೆರಿ."

ಮೇಡಂ ಮುಖ ಸಣ್ಣದಾತು. "ಆಯಿ, ನಾ ದನದ ಡಾಕ್ಟರ್, ಮನಷ್ಯಾರಿಗಿ ಔಷಧ ಕೊಡಂಗಿಲ್ಲ. ಆಕಳ ಜ್ವರ ಬ್ಯಾರೆ, ಇವರ ಜ್ವರ ಬ್ಯಾರೆ. ಆದ್ರ ಎರಡೂ ಉಣ್ಣೀನೇ ತಂದಂಗ ಕಾಣತದ. ಒಡದ ಉಣ್ಣಿ ರಸ ಬೆರಳಿನ ಗಾಯದಾಗ ಇಳದಿರಬೇಕು. ಈಗಿಂದೀಗ ಕಲಬುರ್ಗಿ ದೊಡ್ಡ ದವಾಖಾನಿಗಿ ಒಯ್ಯಿರಿ. ಹೋದ ಕೂಡಲೇ ಮದಲನೇ ಮಾತು ಉಣ್ಣಿದು ಹೇಳ್ರಿ, ನಾಚಬ್ಯಾಡ್ರಿ" ಅಂದ್ರು. ನಾ ಬಾಗಲದ ಬೇವಿನ ತಪ್ಪಲ ನೋಡಿದೆ, ಆಕಳ ನೋಡಿದೆ. ಆಕಳಕ್ಕ ಒಂದು ಹೊತ್ತಿನಾಗ ಡಾಕ್ಟರ್ ಕರ್ಸೀನಿ, ಸೊಸಿಗಿ ಐದು ದಿನ ಬೇವಿನ ತಪ್ಪಲ ಕಟ್ಟೀನಿ.

ಜೀಪ್ ಮಾಡ್ಕೊಂಡು ಹೋದ್ವಿ. ಆಕಿ ತಲಿ ನನ್ನ ತೊಡಿ ಮ್ಯಾಲ. ದಾರಿ ಉದ್ದಕ್ಕ ನಾ, ಈಕೀನ ಉಳಸು, ಕೂಸಿನ ಅವ್ವ ಈಕಿ, ಬೇಕಾದ್ರ ನನ್ನ ಒಯ್ಯಿ ಅಂತ ತಾಯವ್ವಗ ಬೇಡಕೊಂಡೆ. ದವಾಖಾನ್ಯಾಗ ಅಷ್ಟು ಮಂದಿ ಮುಂದ, ನಾನೇ ಉಣ್ಣಿ ಒಡೆಸೀನ್ರಿ ಅಂತ ಹೇಳಿದೆ. ಆ ಡಾಕ್ಟರ್ ನನಗ ಬೈಲಿಲ್ಲ. "ಹೇಳಿದ್ದು ಛಲೋ ಆತು, ಇಲ್ಲಾಂದ್ರ ನಾವು ಬ್ಯಾರೆ ಏನೋ ಹುಡುಕ್ತಿದ್ವಿ" ಅಂತ ಗುಳಗಿ ಶುರು ಮಾಡಿದ್ರು. ಎರಡು ದಿನ ಏನೂ ಹೇಳಂಗಿಲ್ಲ ಅಂದ್ರು. ಆ ಎರಡು ದಿನ ನಾ ಆಕಿ ಮಂಚದ ಬುಡಕ್ಕೇ ಕುಂತಿದ್ದೆ ಭಾಗ್ಯಾ.

ಮೂರನೇ ದಿನ ಮುಂಜಾನಿ ಕಣ್ಣು ಬಿಟ್ಲು. ನನ್ನ ನೋಡಿ ಮದಲನೇ ಮಾತು, "ಅತ್ತಿ, ಆಕಳ ಎದ್ದದೇನ್ರಿ?"

"ಎದ್ದದ ಯವ್ವಾ, ಮೇವು ತಿಂತದ."

"ಛಲೋ ಆತು. ಅದಕ್ಕರ ಡಾಕ್ಟರ್ ಜಲ್ದಿ ಬಂದ್ರಲ್ಲ" ಅಂದು ಗ್ವಾಡಿ ಕಡಿ ಮುಖ ಮಾಡಿ ಮಲಗಿದ್ಲು.

ಅಷ್ಟೇ ಅಂದಿದ್ದು. ಆವತ್ತೂ ಅಷ್ಟೇ, ಇವತ್ತಿನ ತನಕಾನೂ ಅಷ್ಟೇ. ಬೈದಿದ್ರ ಛಲೋ ಇತ್ತು. ನಾ ಸೆರಗು ಬಾಯಾಗ ಇಟಗೊಂಡು ಅತ್ತೆ, ನಾಚಿಕಿಗಿ. ಈಗ ನೋಡು, ಅತ್ತಿಗೊಂದು ಕಾಲ, ಸೊಸಿಗೊಂದು ಕಾಲ ಅಂತಾರಲ್ಲ ಹಂಗ, ಆ ಸಾಬಾನ ನೀರಿನ ಡಬ್ಬಿ ಇಟ್ಟಾಕಿ ಆಕಿ, ಕೈಗಿ ಪ್ಲಾಸ್ಟಿಕ್ ಚೀಲ ಹಾಕ್ಕೊಂಡೇ ಕೀಳಬೇಕು ಅಂತ ನನಗ ಹುಕುಂ ಮಾಡ್ತಾಳ, ನಾ ಹೂಂ ಅಂತೇನಿ. ಥಂಡಿ ಮತ್ತ ಯಾವಾಗ ಬರ್ತದೋ, ಬರ್ತದೋ ಇಲ್ಲೋ, ಅದು ನನ್ನ ಕೈಯಾಗಿಲ್ಲ. ಆದ್ರ ಒಂದು ಮಾತು ತಲ್ಯಾಗ ಇಟಗೋ ಭಾಗ್ಯಾ, ನಾಳೆ ಮನ್ಯಾಗ ಯಾರಿಗರ ಮೈ ಬಿಸಿ ಆದ್ರ ತಾಯವ್ವಗ ಕೈ ಮುಗಿ, ಬ್ಯಾಡ ಅನ್ನಲ್ಲ, ಆದ್ರ ಬಸ್ಸಿನ ಕಡಿ ನಡಕೋತ ಮುಗಿ.