ಕಂಬಕ್ಕೆ ಬಡಿದ ಚೆಂಡು

ಮಾನ್ಯ ಅಧ್ಯಕ್ಷರೇ, ವೇದಿಕೆಯನ್ನು ಅಲಂಕರಿಸಿರುವ ಮುಖ್ಯ ಅತಿಥಿಗಳೇ, ಗಂಟೆಯನ್ನು ಈಗಲೇ ಕೈಯಲ್ಲಿ ಹಿಡಿದು ಕೂತಿರುವ ಕಾರ್ಯದರ್ಶಿಗಳೇ, ನನ್ನ ಎದುರಾಳಿಯೂ ನನ್ನ ಹೆಂಡತಿಯ ಅಣ್ಣನೂ ಆದ ಭಾವನವರೇ, ಹಾಗೂ ಇನ್ನೂ ಎಚ್ಚರವಾಗಿರುವ ಸಮಸ್ತ ಸಭಿಕರೇ,

ಯುರೋಪಿನ ಕ್ಲಬ್ ಫುಟ್‌ಬಾಲಿನಲ್ಲಿ ಅತ್ಯಂತ ನೀರಸವಾದ ಫೈನಲ್ ಯಾವುದು? ಈ ಒಂದು ಪ್ರಶ್ನೆಗಾಗಿಯೇ ನಮ್ಮ ಸಂಘ ಹುಟ್ಟಿತು, ಈ ಒಂದು ಪ್ರಶ್ನೆಯಿಂದಲೇ ಎರಡು ಸಲ ಒಡೆಯಿತು, ಮತ್ತೆ ಕೂಡಿತು. ಒಳ್ಳೆಯ ಪಂದ್ಯಗಳನ್ನು ಹೊಗಳುವುದಕ್ಕೆ ಲೋಕದಲ್ಲಿ ಜನ ಬೇಕಾದಷ್ಟಿದ್ದಾರೆ. ಕೆಟ್ಟ ಪಂದ್ಯಕ್ಕೆ ದಿಕ್ಕು ಯಾರು? ನಾವು. ಇಪ್ಪತ್ತೆರಡು ಮಂದಿ ಬೆವರು ಸುರಿಸಿ, ಏನನ್ನೂ ಮಾಡದೆ ಮನೆಗೆ ಹೋದರಲ್ಲ, ಅವರ ಶ್ರಮವನ್ನು ನೆನೆಯುವವರು ಯಾರು? ನಾವು.

ನಮ್ಮ ಅಧ್ಯಕ್ಷರು ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯರಾಗಿದ್ದು ನಿವೃತ್ತರಾದವರು. ಮನುಷ್ಯರನ್ನು ಮಲಗಿಸುವ ವಿಷಯದಲ್ಲಿ ಅವರಿಗಿಂತ ಬಲ್ಲವರನ್ನು ಎಲ್ಲಿಂದ ತರೋಣ? ಮುಖ್ಯ ಅತಿಥಿಗಳು ಹಾಸಿಗೆ ಅಂಗಡಿಯ ಮಾಲೀಕರು. ಇದಕ್ಕಿಂತ ಹೆಚ್ಚಿಗೆ ಹೇಳಬೇಕಾಗಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಕ್ಲಬ್‌ಗಳ ಹೆಸರು ಹೇಳುವಂತಿಲ್ಲ ಎಂಬುದು ಸಂಘದ ನಿಯಮ, ಅಭಿಮಾನಿಗಳಿಗೆ ನೋವಾಗಬಾರದಲ್ಲ. ಆದ್ದರಿಂದ ಅಂಗಿಯ ಬಣ್ಣ ಹೇಳಿ ಮುಗಿಸುತ್ತೇನೆ. ಭಾವನವರು ಈಗ ತಾನೇ ಹಳದಿ ಅಂಗಿ ಮತ್ತು ನೀಲಿ ಅಂಗಿಯವರ ಫೈನಲ್ಲಿನ ಪರವಾಗಿ ವಾದಿಸಿದರು. ಶುರುವಿನಲ್ಲೇ ಒಂದು ಪೆನಾಲ್ಟಿ, ಒಂದು ಗೋಲು, ಆಮೇಲೆ ಉಳಿದ ಹೊತ್ತೆಲ್ಲ ಹುಲ್ಲು ಬೆಳೆಯುವುದನ್ನು ನೋಡಿದೆವು ಎಂದರು. ಒಪ್ಪಿದೆ. ಆದರೆ ಸಭಿಕರೇ, ಗೋಲಾಯಿತಲ್ಲ! ಒಬ್ಬನಾದರೂ ಕುಣಿದನಲ್ಲ! ಅದನ್ನು ನಾನು ಸಾಧಾರಣ ಎಂದೇನು, ನೀರಸ ಎನ್ನಲಾರೆ. ಆಡಬೇಕೆಂದು ಆಸೆಪಟ್ಟು ಆಡಲಾಗದೆ ಹೋದರೆ ಅದು ಸಾಧಾರಣ. ಆಡಬಾರದೆಂದೇ ಹಠ ತೊಟ್ಟು ಗೆದ್ದರೆ ಅದು ನೀರಸ. ಈ ವ್ಯತ್ಯಾಸ ತಿಳಿಯದವರ ಕೈಗೆ ನಮ್ಮ ವಾರ್ಷಿಕ ಕಪ್ ಕೊಟ್ಟರೆ ಸಂಘದ ಗತಿ ಏನು?

ನನ್ನ ಪಂದ್ಯ ಬಿಳಿ ಅಂಗಿ ಮತ್ತು ಕೆಂಪು ಪಟ್ಟೆ ಅಂಗಿಯವರದು. ಗೋಲಿಲ್ಲ. ಹೆಚ್ಚುವರಿ ಸಮಯದಲ್ಲೂ ಗೋಲಿಲ್ಲ. ಎರಡೂ ಕಡೆಯವರು ಪೆನಾಲ್ಟಿಗೆ ಕಾದು ಕೂತದ್ದು ಹೇಗಿತ್ತೆಂದರೆ, ಬಸ್ಸು ಬಂದೇ ಬರುತ್ತದೆ ಎಂದು ಗೊತ್ತಿರುವವರು ನಿಲ್ದಾಣದಲ್ಲಿ ಕೂರುವುದಿಲ್ಲವೇ, ಹಾಗೆ. ಗೋಲ್‌ಕೀಪರ್ ಚೆಂಡನ್ನು ಡಿಫೆಂಡರನಿಗೆ ಕೊಟ್ಟ, ಡಿಫೆಂಡರ್ ಪಕ್ಕದವನಿಗೆ ಕೊಟ್ಟ, ಪಕ್ಕದವನು ಯೋಚನೆ ಮಾಡಿ ಗೋಲ್‌ಕೀಪರನಿಗೇ ವಾಪಸು ಕೊಟ್ಟ. ಇದಲ್ಲವೇ ನೀರಸ? ಇದಲ್ಲದೆ ಇನ್ನು ಯಾವುದು?

ಈ ಪಂದ್ಯವನ್ನು ನಾನು ವರ್ಷ ವರ್ಷವೂ ಮುಂದಿಡುತ್ತೇನೆ, ವರ್ಷ ವರ್ಷವೂ ಸೋಲುತ್ತೇನೆ. ಯಾಕೆ? ಭಾವನವರ ಒಂದೇ ಒಂದು ಆಕ್ಷೇಪದಿಂದ. ಪ್ರತಿ ಸಲ ಎದ್ದು ನಿಂತು ಅವರು ಹೇಳುವುದು ಅದೇ ಮಾತು: "ಹೆಚ್ಚುವರಿ ಸಮಯದಲ್ಲಿ ಚೆಂಡು ಕಂಬಕ್ಕೆ ಬಡೀತು. ನಾನು ಕಣ್ಣಾರೆ ಕಂಡೆ. ಮೈ ಜುಮ್ಮಂತು." ಮೈ ಜುಮ್ಮೆನ್ನಿಸಿದ ಪಂದ್ಯ ನೀರಸ ಹೇಗಾದೀತು ಎಂದು ನೀವೂ ತಲೆದೂಗುತ್ತೀರಿ. ಇವತ್ತು ಆ ಕಂಬವನ್ನು ಬುಡಸಮೇತ ಕೀಳುವುದಕ್ಕೇ ನಾನು ಇಲ್ಲಿ ನಿಂತಿರುವುದು.

ಅದಕ್ಕೂ ಮೊದಲು, ಅಧ್ಯಕ್ಷರ ಅಪ್ಪಣೆಯಿಂದ ಒಂದು ಖಾಸಗಿ ಮಾತು. ಈ ಸಲದ ಆಮಂತ್ರಣ ಪತ್ರಿಕೆಯಲ್ಲಿ ನನ್ನ ಭಾಷಣಕ್ಕೆ ಕೊಟ್ಟ ಶೀರ್ಷಿಕೆಯನ್ನು ತಾವೆಲ್ಲ ಓದಿದ್ದೀರಿ: 'ನನ್ನ ಬಾಳಿನ ಅತ್ಯಂತ ನೀರಸ ಸಂಜೆ'. ನನ್ನ ಹೆಂಡತಿಯೂ ಓದಿದರು. ಓದಿ, ಪತ್ರಿಕೆಯನ್ನು ಮಡಿಸಿ, ನನ್ನ ತಟ್ಟೆಯ ಪಕ್ಕದಲ್ಲಿಟ್ಟು, "ನೀರಸ ಸಂಜೆ, ಅಲ್ವಾ?" ಎಂದರು. ಅದೇ ಕೊನೆ. ಅಂದಿನಿಂದ ನನ್ನ ಜೊತೆ ಮಾತಿಲ್ಲ. ಅಡುಗೆಮನೆಯಿಂದ ಅಣ್ಣನ ಕನ್ನಡಕದ ಅಂಗಡಿಗೆ ಫೋನ್ ಮಾಡುತ್ತಾರೆ: "ಅಣ್ಣಾ, ಅವರಿಗೆ ಹೇಳು, ಸ್ನಾನಕ್ಕೆ ನೀರು ಕಾದಿದೆ." ಭಾವನವರು ನನಗೆ ಫೋನ್ ಮಾಡುತ್ತಾರೆ: "ನೀರು ಕಾದಿದೆಯಂತೆ." ನಾನು ಅಡುಗೆಮನೆಯ ಬಾಗಿಲಲ್ಲೇ ನಿಂತಿರುತ್ತೇನೆ. ಒಂದು ದಿನ ಅಂಗಡಿಯಲ್ಲಿ ಗಿರಾಕಿಗಳು ಹೆಚ್ಚಾಗಿ ಭಾವನವರು ಫೋನ್ ಎತ್ತಲಿಲ್ಲ. ನಾನು ತಣ್ಣೀರಲ್ಲೇ ಸ್ನಾನ ಮಾಡಿದೆ.

ನಗಬೇಡಿ. ನಲವತ್ತು ವರ್ಷ ಟಿ.ವಿ. ರಿಪೇರಿ ಮಾಡಿದವನು ನಾನು. ಚಿತ್ರ ಬಂದು ಧ್ವನಿ ಬಾರದಿದ್ದರೆ ದೋಷ ಎಲ್ಲಿದೆ ಎಂದು ಬೇರೆಯವರ ಮನೆಯಲ್ಲಿ ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ನನ್ನ ಮನೆಯಲ್ಲಿ ಹೇಳಲಾರದೆ ಹೋದೆ. ನನಗೆ ಬಹಳ ಬೇಜಾರಾಗಿದೆ ಸಭಿಕರೇ. ಅವರು ಮಾತಾಡದ ಮನೆಯಲ್ಲಿ ಇರುವುದು ನನಗೆ ಆಗುತ್ತಿಲ್ಲ.

ಮುಖ್ಯ ಅತಿಥಿಗಳು ಗಡಿಯಾರ ನೋಡುತ್ತಿದ್ದಾರೆ. ಕಂಬಕ್ಕೆ ಬಂದೆ.

ಆ ಸಂಜೆ ನಾನು ಭಾವನವರ ಮನೆಗೆ ಹೋದದ್ದು ಟಿ.ವಿ. ರಿಪೇರಿಗೆ. ಆಗ ನನಗೆ ಯಾರೂ ಮಾವನಲ್ಲ, ಯಾರೂ ಭಾವನಲ್ಲ. ಹಿಂದಿನ ರಾತ್ರಿಯ ಫೈನಲ್ಲನ್ನು ಟಿ.ವಿ.ಯಲ್ಲಿ ತೋರಿಸುವವರಿದ್ದರು, ಪರದೆಯ ಮೇಲೆ ಗೆರೆಗಳು ಓಡುತ್ತಿದ್ದವು, ಸರಿ ಮಾಡಿದೆ. ಮನೆಯ ಯಜಮಾನರು, ಅಂದರೆ ಮುಂದೆ ನನ್ನ ಮಾವನಾದವರು, ನನ್ನನ್ನು ಬಿಡಲಿಲ್ಲ. "ಮ್ಯಾಚ್ ಮುಗಿಯೋವರೆಗೂ ಕೂತಿರಪ್ಪಾ. ಮಧ್ಯದಲ್ಲಿ ಮತ್ತೆ ಕೆಟ್ಟರೆ ನಿನ್ನ ಎಲ್ಲಿ ಹುಡುಕಲಿ?" ಎಂದರು. ಬಾಗಿಲ ಪಕ್ಕದ ಮರದ ಸ್ಟೂಲಿನ ಮೇಲೆ ಕೂತೆ. ಸೋಫಾದ ಮೇಲೆ ಅಪ್ಪ, ಮಗ. ಕಿಟಕಿಯ ಹತ್ತಿರ ಮಗಳು, ಮಡಿಲ ತುಂಬ ಕನ್ನಡಕದ ಗಾಜುಗಳನ್ನಿಟ್ಟುಕೊಂಡು ಒಂದೊಂದನ್ನೇ ಒರೆಸುತ್ತಿದ್ದಳು. ಅಣ್ಣನ ಹೊಸ ಅಂಗಡಿಗೆ.

ಪಂದ್ಯ ಎಷ್ಟು ನೀರಸವಾಗಿತ್ತೆಂದರೆ, ಅರ್ಧ ಆಟವೂ ಮುಗಿದಿರಲಿಲ್ಲ, ಅಪ್ಪ ಮಗನ ಹೆಗಲಿಗೆ ಒರಗಿದರು. ಮಗ ಅಪ್ಪನ ತಲೆಯ ಮೇಲೆ ತಲೆಯಿಟ್ಟ. ಊರಿಗೆಲ್ಲ ಕಣ್ಣು ಕಾಣಿಸುವ ನಮ್ಮ ಭಾವನವರು, ಸಭಿಕರೇ, ಗೊರಕೆ ಹೊಡೆಯುತ್ತಿದ್ದರು! ಚೆಂಡು ಕಂಬಕ್ಕಲ್ಲ, ಅವರ ಮೂಗಿಗೇ ಬಡಿದಿದ್ದರೂ ಏಳುವ ಸ್ಥಿತಿಯಲ್ಲಿರಲಿಲ್ಲ.

ಆಗ ಕಿಟಕಿಯ ಹತ್ತಿರದಿಂದ ಕೇಳಿಸಿತು: "ಅದರಲ್ಲಿ ಏನ್ ನಡೀತಿದೆ?"

"ಏನೂ ಇಲ್ಲ" ಎಂದೆ.

"ಏನೂ ನಡೀದೇ ಇರೋದನ್ನ ನೋಡೋಕೆ ರಿಪೇರಿ ಬೇರೆ ಮಾಡಿಕೊಟ್ರಾ?"

ನನಗೆ ನಗು ಬಂತು. ಅವಳು ಬಾಯಿಗೆ ಬೆರಳಿಟ್ಟು ಸೋಫಾದ ಕಡೆ ತೋರಿಸಿದಳು. ನಾನು ಎದ್ದು ಟಿ.ವಿ.ಯ ಧ್ವನಿ ಇಳಿಸಿದೆ, ಆದರೆ ಪೂರ್ತಿ ನಿಲ್ಲಿಸಲಿಲ್ಲ. ಪೂರ್ತಿ ನಿಂತರೆ ಮಲಗಿದವರು ಎದ್ದುಬಿಡುತ್ತಾರೆ, ಇದು ರಿಪೇರಿಯವರಿಗೆಲ್ಲ ಗೊತ್ತಿರುವ ಸಂಗತಿ. ಸ್ಟೂಲನ್ನು ಕಿಟಕಿಯ ಹತ್ತಿರಕ್ಕೆ ಎಳೆದುಕೊಂಡೆ. ಅವಳು ಒಂದು ಗಾಜು ಕೊಟ್ಟಳು, ನಾನೂ ಒರೆಸಿದೆ. ಏನೇನು ಮಾತಾಡಿದೆವೋ ದೇವರಿಗೇ ಗೊತ್ತು. ಹೊರಗೆ ಬೀದಿದೀಪ ಹತ್ತಿತು. ಅವಳ ಬಲಗೆನ್ನೆಯ ಮೇಲೆ ಒರೆಸುವ ಬಟ್ಟೆಯ ನೂಲೊಂದು ಅಂಟಿತ್ತು. ಹೇಳಿದರೆ ತೆಗೆದುಬಿಡುತ್ತಾಳಲ್ಲ ಎಂದು ನಾನು ಕೊನೆಯವರೆಗೂ ಹೇಳಲೇ ಇಲ್ಲ.

ಇದ್ದಕ್ಕಿದ್ದಂತೆ ಮಾವ ಎದ್ದರು. "ಏನಾಯ್ತು? ಏನಾಯ್ತು?" ಎಂದರು. ನಾನು ಸ್ಟೂಲಿನ ಸಮೇತ ಕಲ್ಲಾದೆ. ಅವಳು ತಲೆಯನ್ನೂ ಎತ್ತದೆ, "ಈಗ ತಾನೇ ಚೆಂಡು ಕಂಬಕ್ಕೆ ಬಡೀತಪ್ಪಾ, ಸ್ವಲ್ಪದ್ರಲ್ಲಿ ತಪ್ಪೋಯ್ತು" ಎಂದಳು. ಮಾವ "ಛೆ!" ಎಂದು ತೊಡೆ ತಟ್ಟಿಕೊಂಡರು. ಆಗ ಭಾವನವರು ಕಣ್ಣು ಮುಚ್ಚಿಕೊಂಡೇ ಹೇಳಿದರು: "ಹೌದು, ನಾನೂ ನೋಡ್ದೆ!"

ಇಗೋ ಸಭಿಕರೇ, ಕಂಬ! ಚೆಂಡು ಬಡಿಯಲೇ ಇಲ್ಲ! ನನ್ನ ಹೆಂಡತಿ ಆ ಕ್ಷಣದಲ್ಲಿ ಹುಟ್ಟಿಸಿಕೊಂಡ ಚೆಂಡು ಅದು! ಯಾವ ಚೆಂಡು ಎಲ್ಲಿಗೆ ಬಡಿಯಿತೆಂದು ಅವಳಿಗೆ ಹೇಗೆ ಗೊತ್ತಾಗಬೇಕು? ಅವಳು ಒಂದು ಸಲವಾದರೂ ಪರದೆಯ ಕಡೆ ತಿರುಗಿದ್ದರೆ ತಾನೇ? ಅಷ್ಟು ಹೊತ್ತೂ ನನ್ನನ್ನೇ ನೋಡುತ್ತಿದ್ದಳು ಎಂಬುದಕ್ಕೆ ನಾನೇ ಸಾಕ್ಷಿ. ಯಾಕೆಂದರೆ ಅಷ್ಟು ಹೊತ್ತೂ ನಾನು ಅವಳನ್ನೇ...

ಅಧ್ಯಕ್ಷರೇ, ತಾವೇಕೆ ಕನ್ನಡಕ ತೆಗೆದಿರಿ?

ಕಾರ್ಯದರ್ಶಿಗಳೇ, ದಯವಿಟ್ಟು ಗಂಟೆ ಬಾರಿಸಬೇಡಿ. ನನಗೆ ಅರ್ಥವಾಯಿತು. ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದ ಎನ್ನುವುದು ಇದಕ್ಕೇ. ತಾನು ಪೂರ್ತಿ ನೋಡದ ಪಂದ್ಯವನ್ನು ಯಾವ ಸದಸ್ಯನೂ ಮುಂದಿಡುವಂತಿಲ್ಲ, ಇಟ್ಟರೆ ಆ ಪಂದ್ಯವನ್ನು ಸಂಘದ ಕೋಣೆಯಲ್ಲಿ ಮೊದಲಿಂದ ಕೊನೆಯವರೆಗೆ, ಹೆಚ್ಚುವರಿ ಸಮಯವೂ ಸೇರಿ, ಚಹಾ ಇಲ್ಲದೆ ನೋಡಬೇಕು. ಈ ನಿಯಮ ಬರೆದವನೂ ನಾನೇ. ಗೋಲ್‌ಕೀಪರ್ ಡಿಫೆಂಡರನಿಗೆ ಕೊಟ್ಟದ್ದು, ಅವನು ಪಕ್ಕದವನಿಗೆ ಕೊಟ್ಟದ್ದು, ಎಲ್ಲ ಮಾರನೆಯ ದಿನದ ಪೇಪರಿನಲ್ಲಿ ಓದಿದ್ದು. ಚೆಂಡು ನಿಜವಾಗಿಯೂ ಕಂಬಕ್ಕೆ ಬಡಿದಿದ್ದರೂ ಬಡಿದಿರಬಹುದು. ನನಗೇನು ಗೊತ್ತು?

ಕಪ್ ಭಾವನವರಿಗೇ ಹೋಗಲಿ. ತಮ್ಮ ಪಂದ್ಯವನ್ನಾದರೂ ಅವರು ಕಣ್ಣು ತೆರೆದು ನೋಡಿದರೋ ಇಲ್ಲವೋ, ಅತ್ತಿಗೆಯವರನ್ನು ವಿಚಾರಿಸಿಕೊಳ್ಳಿ.

ನನ್ನ ಶೀರ್ಷಿಕೆಯನ್ನು ವಾಪಸು ತೆಗೆದುಕೊಳ್ಳುತ್ತೇನೆ. ಪಂದ್ಯ ನೀರಸವಾಗಿತ್ತು. ಪುಣ್ಯ, ನೀರಸವಾಗಿತ್ತು. ಆ ಸಂಜೆ ಯಾರಾದರೂ ಒಂದೇ ಒಂದು ಗೋಲು ಹೊಡೆದಿದ್ದರೆ ಮಾವ ಎದ್ದುಬಿಡುತ್ತಿದ್ದರು, ನಾನು ರಿಪೇರಿಯ ಚೀಲ ಹೆಗಲಿಗೇರಿಸಿಕೊಂಡು ಬೀದಿಗಿಳಿಯುತ್ತಿದ್ದೆ. ಆ ಇಪ್ಪತ್ತೆರಡು ಮಂದಿಗೆ ನಾನು ಋಣಿ.

ಶಿಕ್ಷೆಗೆ ತಲೆಬಾಗುತ್ತೇನೆ. ಆದರೆ ಒಂದು ಪ್ರಾರ್ಥನೆ. ಸುಳ್ಳು ಚೆಂಡನ್ನು ಹುಟ್ಟಿಸಿದ ಇನ್ನೊಬ್ಬ ತಪ್ಪಿತಸ್ಥೆ ಈ ಸಭಾಂಗಣದ ಮೂರನೆಯ ಸಾಲಿನಲ್ಲಿ, ಕಂಬದ ಪಕ್ಕದಲ್ಲಿ ಕೂತಿದ್ದಾರೆ. ಶಿಕ್ಷೆಯನ್ನು ಇಬ್ಬರಿಗೂ ಸಮನಾಗಿ ಹಂಚಬೇಕು. ಸಂಘದ ಕೋಣೆಯಲ್ಲಿ ಎರಡು ಕುರ್ಚಿ ಹಾಕಿಸಿ. ಕಿಟಕಿಯ ಹತ್ತಿರ ಹಾಕಿಸಿ. ಕಾವಲಿಗೆ ಭಾವನವರನ್ನೇ ಸೋಫಾದ ಮೇಲೆ ಕೂರಿಸಿ, ನಮ್ಮದೇನೂ ಅಡ್ಡಿಯಿಲ್ಲ.

ಓಹೋ. ಕ್ಷಮಿಸಿ. ಮೂರನೆಯ ಸಾಲಿನಿಂದ ಒಂದು ಧ್ವನಿ ಬಂತು. ಮೈಕಿನ ಗಲಾಟೆಯಲ್ಲಿ ತಮಗೆ ಕೇಳಿಸಿತೋ ಇಲ್ಲವೋ. ನನಗೆ ಕೇಳಿಸಿತು. "ಸಾಕು, ಕೆಳಗಿಳೀರಿ" ಎಂದರು. ಭಾವನವರೇ, ಫೋನ್ ಕೆಳಗಿಡಿ, ನೀವು ತಿಳಿಸಬೇಕಾಗಿಲ್ಲ. ನನಗೇ ನೇರವಾಗಿ ಹೇಳಿದರು.

ಇಷ್ಟು ಹೊತ್ತು ನಿದ್ದೆಯನ್ನು ತಡೆದುಕೊಂಡ ತಮಗೆಲ್ಲ ಧನ್ಯವಾದ. ಇಳಿಯುತ್ತಿದ್ದೇನೆ. ನಮಸ್ಕಾರ.